ಮನೆಯಂಗಳದಲ್ಲಿ ಮೋಟಾರು ದುರಸ್ತಿ: ಬ್ಯಾಟರಿ ಮತ್ತು ಬ್ರೇಕು

— ಅಂತಿಮ ಬಿ. ಎ. ವಿದ್ಯಾರ್ಥಿ, ಅಳವಂಡಿ

ಯಂತ್ರಗಳಿಲ್ಲದೆ ಇಂದಿನ ಬಾಳು ಸಾಗದು. ಆದರೆ ಯಂತ್ರವನ್ನು ಬಳಸುವವರೆಲ್ಲರೂ ಅದನ್ನು ಬಲ್ಲವರಲ್ಲ. ಗಡಿಯಾರ ನಿಂತರೆ ಹೊತ್ತು ತಿಳಿಯುವುದಿಲ್ಲ, ಮೊಬೈಲು ಕೆಟ್ಟರೆ ಮಾತು ನಿಲ್ಲುತ್ತದೆ. ಸಾಮಾನ್ಯವಾಗಿ ಅಷ್ಟರಿಂದ ಯಾರ ಪ್ರಾಣಕ್ಕೂ ಕುತ್ತಿಲ್ಲ. ಮೋಟಾರು ಗಾಡಿಯ ಮಾತು ಹಾಗಲ್ಲ. ಅದು ಹೊರಡಬೇಕಾದಾಗ ಹೊರಡಬೇಕು, ನಿಲ್ಲಬೇಕಾದಾಗ ನಿಲ್ಲಬೇಕು. ಹೊರಡಿಸುವುದು ವಿದ್ಯುತ್ತು, ನಿಲ್ಲಿಸುವುದು ಬ್ರೇಕು. ಇವೆರಡರ ಸ್ವರೂಪವನ್ನೂ, ಇವು ಕೆಟ್ಟಾಗ ಮನೆಯಲ್ಲಿಯೇ ನಾವು ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನೂ ನನ್ನ ತಿಳಿವಿನ ಮಟ್ಟಿಗೆ ವಿವರಿಸುವುದು ಈ ಲೇಖನದ ಉದ್ದೇಶ.

ಇತಿಹಾಸ, ಅರ್ಥಶಾಸ್ತ್ರ ಓದುವವನಿಗೆ ಪಾನಾ-ಪಕ್ಕಡಿನ ಗೊಡವೆಯೇಕೆಂದು ಸಹಪಾಠಿಗಳು ಕೇಳಬಹುದು. ಅಳವಂಡಿಯಂಥ ಊರಿನಲ್ಲಿ ಒಂದು ಕಾರು ಒಂದು ಮನೆಯ ಸ್ವತ್ತಷ್ಟೇ ಅಲ್ಲ, ಇಡೀ ಓಣಿಯ ಸ್ವತ್ತು. ನಮ್ಮ ಕಾಕಾ ಹಳೆಯದೊಂದು ಮಾರುತಿ ಓಮ್ನಿಯನ್ನು ಕೊಂಡು ಇಟ್ಟುಕೊಂಡಿದ್ದಾರೆ. ಹಗಲಿನಲ್ಲಿ ಅದು ಸಂತೆಗೂ ಮದುವೆಗೂ ಹೋಗುತ್ತದೆ. ನಡುರಾತ್ರಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯ ನೋವು ಬಂದರೂ, ಹೊಲದಲ್ಲಿ ಯಾರಿಗೆ ಹಾವು ಕಡಿದರೂ ನಮ್ಮ ಬಾಗಿಲನ್ನೇ ತಟ್ಟುತ್ತಾರೆ. ಆಗ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಗಾಡಿ ಹೊರಡಬೇಕು. ಆ ಹೊತ್ತಿನಲ್ಲಿ ಗ್ಯಾರೇಜು ತೆರೆದಿರುವುದಿಲ್ಲ, ಮಿಸ್ತ್ರಿ ಸಿಗುವುದಿಲ್ಲ. ಅಂದಮೇಲೆ ಗಾಡಿಯ ರೋಗವನ್ನು ಸ್ವಲ್ಪಮಟ್ಟಿಗಾದರೂ ತಿಳಿದವರು ಮನೆಯಲ್ಲಿ ಒಬ್ಬರು ಇರುವುದು ಅಗತ್ಯವಷ್ಟೆ.

ನಮ್ಮ ನಾಡು ಮತ್ತು ಮೋಟಾರು

ಮೋಟಾರಿನ ವಿದ್ಯೆ ನಮ್ಮ ನಾಡಿಗೆ ಹೊಸತಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲಿಯೇ ಭಾರತದಲ್ಲಿ ಕಾರಿನ ಕಾರ್ಖಾನೆ ಆಗಬೇಕೆಂದು ಯೋಜನೆ ಸಿದ್ಧಪಡಿಸಿ ಶ್ರಮಿಸಿದರು. ೧೯೫೧ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೋ ಕಂಪನಿಯು ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸಿ ದೇಶಕ್ಕೆಲ್ಲ ಒದಗಿಸಿತು. ಅಷ್ಟು ದೂರವೇಕೆ? ನಮ್ಮ ಕೊಪ್ಪಳ ತಾಲೂಕಿನ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಎಂಜಿನ್ನುಗಳಿಗೆ ಬೇಕಾದ ಎರಕದ ಭಾಗಗಳು ಸಿದ್ಧವಾಗುತ್ತವೆ. ಎಂಜಿನ್ನಿನ ಒಡಲು ನಮ್ಮ ಜಿಲ್ಲೆಯಲ್ಲಿಯೇ ಎರಕಗೊಳ್ಳುತ್ತಿರುವಾಗ ಅದರ ತಿಳಿವಳಿಕೆ ಮಾತ್ರ ನಮಗೆ ಪರಕೀಯವಾಗಿ ಉಳಿಯಬೇಕಾದುದಿಲ್ಲ.

ವಿದ್ಯುತ್ತಿನ ಹಾದಿ

ಕಾರಿನೊಳಗಿನ ವಿದ್ಯುತ್ತನ್ನು ತಿಳಿಯಲು ಒಂದು ಮಾತು ಸಾಕು: ಅದು ಹೊರಟಲ್ಲಿಗೇ ಮರಳಿ ಬರಬೇಕು. ಬ್ಯಾಟರಿಯ ಧನ ತುದಿಯಿಂದ ಹೊರಟ ವಿದ್ಯುತ್ತು ಫ್ಯೂಜು, ಸ್ವಿಚ್ಚುಗಳನ್ನು ದಾಟಿ ದೀಪಕ್ಕೋ ಹಾರ್ನಿಗೋ ಸೇರುತ್ತದೆ. ಮರಳಿ ಬರಲು ಬೇರೆ ತಂತಿ ಬೇಡ. ಗಾಡಿಯ ಕಬ್ಬಿಣದ ಒಡಲೇ ಆ ಹಾದಿ. ಇದನ್ನೇ ಮಿಸ್ತ್ರಿಗಳು ‘ಅರ್ತ್’ ಎನ್ನುತ್ತಾರೆ. ಈ ಸುತ್ತಿನಲ್ಲಿ ಎಲ್ಲಿ ತುಂಡಾದರೂ ಕೆಲಸ ನಿಲ್ಲುತ್ತದೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರದಿದ್ದರೆ ರೈತನು ತೂಬಿನಿಂದ ಹೊಲದವರೆಗೆ ನೋಡುತ್ತ ಹೋಗುವಂತೆ, ನಾವೂ ಬ್ಯಾಟರಿಯಿಂದ ದೀಪದವರೆಗೆ ನೋಡುತ್ತ ಹೋಗಬೇಕು. ಸಿಕ್ಕಿದ್ದನ್ನೆಲ್ಲ ಬಿಚ್ಚುವುದು ದುರಸ್ತಿಯಲ್ಲ.

ಬೆಳಿಗ್ಗೆ ಕೀಲಿ ತಿರುವಿದಾಗ ಗಾಡಿ ಹೊರಡಲಿಲ್ಲವೆನ್ನಿ. ಮುಂದಿನ ದೀಪ ಹಚ್ಚಿ ಇನ್ನೊಮ್ಮೆ ಕೀಲಿ ತಿರುವಬೇಕು. ದೀಪ ತೀರ ಮಂಕಾದರೆ ಬ್ಯಾಟರಿ ಬಡವಾಗಿದೆ, ಇಲ್ಲವೆ ಅದರ ತುದಿಗಳ ಹಿಡಿತ ಸಡಿಲವಾಗಿದೆ. ದೀಪ ಮೊದಲಿನಂತೆಯೇ ಉರಿಯುತ್ತಿದ್ದು ಸೆಲ್ಫ್ ಮೋಟಾರು ಮಿಸುಕದಿದ್ದರೆ ವಿದ್ಯುತ್ತು ಅಲ್ಲಿಯವರೆಗೆ ಹೋಗುತ್ತಿಲ್ಲ. ಕಾಸು ಖರ್ಚಿಲ್ಲದ ಈ ಒಂದು ಪರೀಕ್ಷೆಯಿಂದ ಅರ್ಧ ರೋಗ ತಿಳಿಯುತ್ತದೆ. ಒಮ್ಮೆ ಪಟ್ಟಣದ ಗ್ಯಾರೇಜೊಂದರಲ್ಲಿ ನಮ್ಮ ಗಾಡಿಗೆ ಹೊಸ ಬ್ಯಾಟರಿಯೇ ಬೇಕೆಂದು ಹೇಳಿ ಕಳಿಸಿದ್ದರು. ಮನೆಗೆ ಬಂದು ನೋಡಿದರೆ ತುದಿಗಳ ಮೇಲೆ ಬಿಳಿ-ಹಸಿರು ಪುಡಿ ಗಟ್ಟಿಯಾಗಿ ಕುಳಿತಿತ್ತು. ಅದನ್ನು ತೆಗೆದು ಬಿಗಿ ಮಾಡಿದ ಮೇಲೆ ಅದೇ ಬ್ಯಾಟರಿ ಮತ್ತೂ ಒಂದು ವರ್ಷ ಬಾಳಿತು.

ಆ ಪುಡಿಯನ್ನು ತೆಗೆಯುವ ಕ್ರಮ ಹೀಗೆ: ಮೊದಲು ಋಣ ತುದಿಯನ್ನು ಬಿಚ್ಚಬೇಕು, ಆಮೇಲೆ ಧನ ತುದಿ. ಕೂಡಿಸುವಾಗ ಧನ ಮೊದಲು, ಋಣ ಕೊನೆಗೆ. ಇದಕ್ಕೆ ಕಾರಣವುಂಟು. ಋಣ ತುದಿ ಗಾಡಿಯ ಒಡಲಿಗೆ ಕೂಡಿರುವಾಗ ಧನ ತುದಿಗೆ ಹಚ್ಚಿದ ಪಾನಾ ಎಲ್ಲಿಯಾದರೂ ಕಬ್ಬಿಣಕ್ಕೆ ತಗುಲಿದರೆ ಭಾರಿ ಕಿಡಿ ಹಾರುತ್ತದೆ. ಚಾರ್ಜಾಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಡುತ್ತದೆ. ಅದು ಕಿಡಿ ತಾಗಿದರೆ ಸಿಡಿಯುತ್ತದೆ. ಒಳಗಿರುವುದು ಗಂಧಕಾಮ್ಲ. ಆದ್ದರಿಂದ ಬೀಡಿ-ಬೆಂಕಿ ಹತ್ತಿರ ಇರಕೂಡದು, ಬೆರಳಿನ ಉಂಗುರ ಕಳಚಿರಬೇಕು, ಕಣ್ಣಿಗೆ ರಕ್ಷಣೆ ಬೇಕು. ಬೆಚ್ಚನೆಯ ನೀರಿನಲ್ಲಿ ಅಡಿಗೆ ಸೋಡಾ ಕಲಸಿ, ಅದು ಬ್ಯಾಟರಿಯ ಒಳಗೆ ಹೋಗದಂತೆ ತುದಿಗಳನ್ನು ತೊಳೆದು, ಒರೆಸಿ ಒಣಗಿಸಿ, ಬಿಗಿ ಮಾಡಿದ ಮೇಲೆ ತೆಳ್ಳಗೆ ವ್ಯಾಸಲೀನು ಸವರಿದರೆ ಕೆಲಸ ಮುಗಿಯಿತು. ನೀರು ತುಂಬುವ ಬಗೆಯ ಬ್ಯಾಟರಿಗೆ ಬಟ್ಟಿ ಇಳಿಸಿದ ನೀರನ್ನೇ ಹಾಕತಕ್ಕದ್ದು. ನಮ್ಮ ಬೋರಿನ ನೀರಿನಲ್ಲಿರುವ ಲವಣಗಳು ಸೀಸದ ತಗಡುಗಳನ್ನು ಕೆಡಿಸುತ್ತವೆ.

ಸಣ್ಣದೊಂದು ಮೀಟರು ಇದ್ದರೆ ಇನ್ನೂ ನಿಖರವಾಗಿ ತಿಳಿಯಬಹುದು. ಕಾರಿನ ಬ್ಯಾಟರಿಯಲ್ಲಿ ಆರು ಕೋಶಗಳಿದ್ದು ಒಂದೊಂದೂ ಸುಮಾರು ೨.೧ ವೋಲ್ಟು ಕೊಡುತ್ತದೆ. ಕೆಲವು ಗಂಟೆ ಸುಮ್ಮನಿದ್ದ, ಪೂರ್ತಿ ಚಾರ್ಜಾದ ಬ್ಯಾಟರಿ ೧೨.೬ ವೋಲ್ಟು ತೋರಿಸುತ್ತದೆ, ೧೨.೨ ಇದ್ದರೆ ಹೆಚ್ಚುಕಡಮೆ ಅರ್ಧ. ೧೨ಕ್ಕೂ ಕೆಳಗಿಳಿದರೆ ಬಹುತೇಕ ಬರಿದು. ಎಂಜಿನ್ ಓಡುತ್ತಿರುವಾಗ ೧೩.೮ರಿಂದ ೧೪.೫ರ ಒಳಗೆ ಇರಬೇಕು. ಆಗಲೂ ೧೨.೬ಕ್ಕಿಂತ ಮೇಲೇರದಿದ್ದರೆ ತಪ್ಪು ಬ್ಯಾಟರಿಯದಲ್ಲ, ಅದನ್ನು ತುಂಬಿಸುವ ಆಲ್ಟರ್ನೇಟರಿನದು, ಇಲ್ಲವೆ ಅದರ ಬೆಲ್ಟು-ತಂತಿಗಳದು.

ಇನ್ನು ಫ್ಯೂಜಿನ ವಿಷಯ. ಅದು ಗಾಡಿಯ ಕಾವಲುಗಾರ. ಹೆಚ್ಚು ವಿದ್ಯುತ್ತು ಹರಿದಾಗ ತಾನು ಕರಗಿ ತಂತಿಯನ್ನು ಉಳಿಸುತ್ತದೆ. ೬೦ ವ್ಯಾಟಿನ ಒಂದು ದೀಪಕ್ಕೆ ೧೨ ವೋಲ್ಟಿನಲ್ಲಿ ೫ ಆಂಪಿಯರು ಬೇಕು. ಅಂಥ ಎರಡಕ್ಕೆ ೧೦. ಈ ಲೆಕ್ಕ ನೋಡಿಯೇ ತಂತಿಯ ದಪ್ಪವನ್ನೂ ಫ್ಯೂಜನ್ನೂ ಗೊತ್ತುಮಾಡಿರುತ್ತಾರೆ. ಅಲಗಿನ ಫ್ಯೂಜುಗಳಿಗೆ ಬಣ್ಣದ ಗುರುತೂ ಉಂಟು: ಕೆಂಪು ೧೦, ನೀಲಿ ೧೫, ಹಳದಿ ೨೦, ಹಸಿರು ೩೦ ಆಂಪಿಯರು. ಸುಟ್ಟ ಫ್ಯೂಜಿನ ಜಾಗದಲ್ಲಿ ಸಿಗರೇಟು ಪಾಕೀಟಿನ ಬೆಳ್ಳಿಹಾಳೆಯನ್ನೋ ತಂತಿಯ ತುಂಡನ್ನೋ ಸಿಕ್ಕಿಸುವ ಚಾಳಿ ನಮ್ಮಲ್ಲಿ ಬಹಳ. ಕಾವಲುಗಾರನನ್ನು ಓಡಿಸಿ ಕಳ್ಳನಿಗೆ ಬಾಗಿಲು ತೆರೆದಂತೆ ಇದು. ಮುಂದೆ ಕರಗುವುದು ಫ್ಯೂಜಲ್ಲ, ಗಾಡಿಯ ತಂತಿ; ಬೆಂಕಿ ಹತ್ತುವುದು ಹೀಗೆಯೇ. ಅಷ್ಟೇ ಆಂಪಿಯರಿನ ಹೊಸ ಫ್ಯೂಜು ಹಾಕಿಯೂ ಅದು ಮತ್ತೆ ಸುಟ್ಟರೆ, ಎಲ್ಲಿಯೋ ತಂತಿ ಸವೆದು ಒಡಲಿಗೆ ತಾಗಿದೆ ಎಂದು ತಿಳಿದು ಅದನ್ನು ಹುಡುಕಬೇಕು.

ಬ್ರೇಕಿನ ಮರ್ಮ

ಇಲ್ಲಿಯವರೆಗೆ ಹೇಳಿದ್ದು ಧೈರ್ಯದ ಮಾತು. ಇನ್ನು ಮುಂದಿನದು ಎಚ್ಚರಿಕೆಯ ಮಾತು. ನಮ್ಮೂರ ಕಡೆಯ ವೃದ್ಧ ಮಿಸ್ತ್ರಿಯೊಬ್ಬರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರು ನನಗೆ ಹೇಳಿದ ಮೊದಲ ಪಾಠ ಇದು: “ತಮ್ಮಾ, ಲೈಟ್ ಹೋದ್ರ ನಡಕೊಂತರ ಮನಿಗೆ ಬರಬಹುದು. ಬ್ರೇಕ್ ಹೋದ್ರ ಮನಿಗೆ ಬರೂದ ಖಾತ್ರಿ ಇಲ್ಲ.” ವಿದ್ಯುತ್ತಿನ ದೋಷ ಸಾಮಾನ್ಯವಾಗಿ ಗಾಡಿಯನ್ನು ನಿಲ್ಲಿಸುತ್ತದೆ, ಬ್ರೇಕಿನ ದೋಷ ಗಾಡಿಯನ್ನು ನಿಲ್ಲಗೊಡುವುದಿಲ್ಲ. ಮನೆಯ ದುರಸ್ತಿಗೆ ಎಲ್ಲೆ ಹಾಕಬೇಕಾದುದು ಈ ಭೇದವನ್ನು ನೋಡಿಯೇ.

ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ಎಂಬ ವಿಜ್ಞಾನಿ ಒಂದು ನಿಯಮವನ್ನು ಹೇಳಿದನು: ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಕಾರಿನ ಬ್ರೇಕು ನಿಂತಿರುವುದು ಇದರ ಮೇಲೆ. ನಾವು ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನೊಳಗಿನ ಬ್ರೇಕ್ ಆಯಿಲ್ ಒತ್ತಲ್ಪಟ್ಟು, ಕೊಳವೆಗಳ ಮೂಲಕ ಚಕ್ರಗಳಿಗೆ ಆ ಒತ್ತಡ ತಲಪುತ್ತದೆ. ಮೊದಲಿನ ಪಿಸ್ಟನ್ನು ೩ ಚದರ ಸೆಂಟಿಮೀಟರು, ಚಕ್ರದಲ್ಲಿರುವುದು ೧೫ ಎಂದು ಇಟ್ಟುಕೊಂಡರೆ ಅಲ್ಲಿ ಬಲ ಐದುಪಟ್ಟಾಗುತ್ತದೆ. ಆ ಬಲ ಪ್ಯಾಡನ್ನು ಡಿಸ್ಕಿಗೆ, ಇಲ್ಲವೆ ಶೂವನ್ನು ಡ್ರಮ್ಮಿಗೆ ಒತ್ತುತ್ತದೆ. ತಿಕ್ಕಾಟದಿಂದ ವೇಗವು ಶಾಖವಾಗಿ ಮಾರ್ಪಡುತ್ತದೆ.

ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಇದೊಂದನ್ನು ನೆನಪಿಟ್ಟರೆ ಪೆಡಲಿನ ಭಾಷೆ ಅರ್ಥವಾಗುತ್ತದೆ. ಪೆಡಲ್ ಹತ್ತಿಯ ದಿಂಬಿನಂತೆ ಮೆತ್ತಗಾದರೆ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಕಾಲಿಟ್ಟಂತೆ ಮೆಲ್ಲಗೆ ಇಳಿಯುತ್ತ ಹೋದರೆ ಎಲ್ಲಿಯೋ ಆಯಿಲ್ ಸೋರುತ್ತಿದೆ, ಇಲ್ಲವೆ ಮಾಸ್ಟರ್ ಸಿಲಿಂಡರಿನ ರಬ್ಬರು ಸೋತಿದೆ. ಗಾಡಿ ಒಂದೇ ಪಕ್ಕಕ್ಕೆ ಎಳೆದರೆ ಎರಡು ಬದಿಯ ಬ್ರೇಕು ಸಮನಾಗಿ ಹಿಡಿಯುತ್ತಿಲ್ಲ. ಕಬ್ಬಿಣ ಉಜ್ಜಿದ ಸದ್ದು ಬಂದರೆ ಪ್ಯಾಡು ಮುಗಿದಿದೆ. ಡಬ್ಬಿಯಲ್ಲಿ ಆಯಿಲ್ ಕಡಿಮೆಯಾಗಿದ್ದರೆ ಸುರಿದು ಸುಮ್ಮನಾಗಬಾರದು; ಪ್ಯಾಡು ಸವೆದಿದೆಯೋ, ಚಕ್ರದ ಒಳಬದಿಯಲ್ಲಿ ಒದ್ದೆಯಾಗಿದೆಯೋ ನೋಡಬೇಕು.

ಬ್ರೇಕ್ ಆಯಿಲೂ ಮುಪ್ಪಾಗುತ್ತದೆ. ಅದು ಗಾಳಿಯಲ್ಲಿನ ತೇವವನ್ನು ಹೀರುವ ಗುಣವುಳ್ಳದ್ದು. ಡಾಟ್ ೩ ಎಂಬ ಬಗೆಯದು ಹೊಸದಾಗಿರುವಾಗ ಕಡಮೆಯೆಂದರೂ ೨೦೫ ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿರಬೇಕೆಂಬ ನಿಯಮವುಂಟು. ತೇವ ಹೀರಿದ ಮೇಲೆ ಆ ಮಟ್ಟ ೧೪೦ಕ್ಕೆ ಇಳಿಯುತ್ತದೆ. ಡಾಟ್ ೪ಕ್ಕೆ ಇವೇ ಅಂಕಿಗಳು ೨೩೦ ಮತ್ತು ೧೫೫. ನಮ್ಮ ಎರೆಯ ಬಯಲಿನಲ್ಲಿ ಇದರ ಪರಿಣಾಮ ಗೊತ್ತಾಗದು. ಆದರೆ ಇದೇ ಗಾಡಿಗಳು ಧರ್ಮಸ್ಥಳಕ್ಕೆಂದು ಹೋಗಿ ಚಾರ್ಮಾಡಿ ಘಾಟಿಯನ್ನು ಇಳಿಯುತ್ತವೆ. ಇಳಿಜಾರಿನುದ್ದಕ್ಕೂ ಬ್ರೇಕು ತುಳಿದೇ ಬಂದರೆ ಹಳೆಯ ಆಯಿಲ್ ಕುದಿದು ಆವಿಯಾಗುತ್ತದೆ. ಆವಿ ಗಾಳಿಯಂತೆಯೇ ಕುಗ್ಗುತ್ತದೆ. ಪೆಡಲ್ ತಳ ಮುಟ್ಟುತ್ತದೆ. ಆದುದರಿಂದ ಗಾಡಿಯ ಪುಸ್ತಕದಲ್ಲಿ ಹೇಳಿದ ಅವಧಿಗೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಆಯಿಲ್ ಬದಲಿಸತಕ್ಕದ್ದು. ಘಾಟಿಯನ್ನು ಕೆಳಗಿನ ಗೇರಿನಲ್ಲಿ ಇಳಿಯತಕ್ಕದ್ದು. ಬ್ರೇಕ್ ಆಯಿಲ್ ಸಿಗಲಿಲ್ಲವೆಂದು ಎಂಜಿನ್ ಆಯಿಲನ್ನು ಸುರಿಯುವುದು ಮಾತ್ರ ಎಂದಿಗೂ ಕೂಡದು. ಒಳಗಿನ ರಬ್ಬರುಗಳು ಉಬ್ಬಿ ಇಡೀ ವ್ಯವಸ್ಥೆ ಹಾಳಾಗುತ್ತದೆ.

ವೇಗದ ಲೆಕ್ಕವನ್ನೂ ನೋಡಬೇಕು. ಗಂಟೆಗೆ ೪೦ ಕಿಲೋಮೀಟರಿನಲ್ಲಿ ಹೋಗುವ ಕಾರು, ಬ್ರೇಕು ಚೆನ್ನಾಗಿದ್ದು ರಸ್ತೆ ಒಣಗಿದ್ದರೆ, ಬ್ರೇಕು ಹಿಡಿದ ಮೇಲೆ ಸುಮಾರು ೯ ಮೀಟರಿನಲ್ಲಿ ನಿಲ್ಲುತ್ತದೆ. ವೇಗ ೮೦ ಆದರೆ ಈ ದೂರ ಇಮ್ಮಡಿಯಲ್ಲ, ನಾಲ್ಮಡಿ. ಸುಮಾರು ೩೫ ಮೀಟರು. ಕಣ್ಣು ಕಂಡು ಕಾಲು ತುಳಿಯುವುದರೊಳಗೆ ಒಂದು ಸೆಕೆಂಡು ಕಳೆದರೆ ಇನ್ನೂ ೨೨ ಮೀಟರು ಕೂಡಿಸಬೇಕು. ಕುಷ್ಟಗಿಯ ಹೆದ್ದಾರಿಯಲ್ಲಿ ಎತ್ತಿನ ಬಂಡಿಯೊಂದು ಅಡ್ಡ ಬಂದಾಗ ಈ ಲೆಕ್ಕದ ಬೆಲೆ ತಿಳಿಯುತ್ತದೆ.

ಮನೆಯ ಎಲ್ಲೆ

ಹಾಗಾದರೆ ಬ್ರೇಕಿನ ವಿಷಯದಲ್ಲಿ ಮನೆಯಲ್ಲಿ ಮಾಡಬಹುದಾದುದೇನು? ವಾರಕ್ಕೊಮ್ಮೆ ಆಯಿಲಿನ ಮಟ್ಟವನ್ನು ನೋಡುವುದು. ಚಕ್ರಗಳ ಹಿಂದೆ ಸೋರಿಕೆ ಹುಡುಕುವುದು. ಹಿಂದಿನ ಕೆಂಪು ದೀಪ ಹತ್ತುವುದೇ ಎಂದು ಒಬ್ಬರನ್ನು ನಿಲ್ಲಿಸಿ ನೋಡುವುದು. ಹೊರಡುವ ಮುನ್ನ ಪೆಡಲನ್ನು ಬಲವಾಗಿ ತುಳಿದು ಅರ್ಧ ನಿಮಿಷ ಹಿಡಿಯಬೇಕು, ಅದು ಇಳಿಯಕೂಡದು. ಎಂಜಿನ್ ನಿಂತಿರುವಾಗ ನಾಲ್ಕೈದು ಸಲ ತುಳಿದು, ಕಾಲಿಟ್ಟುಕೊಂಡೇ ಎಂಜಿನ್ ಹಚ್ಚಿದರೆ, ಬೂಸ್ಟರ್ ಇರುವ ಗಾಡಿಯಲ್ಲಿ ಪೆಡಲ್ ಸ್ವಲ್ಪ ಕೆಳಗೆ ಜಾರಬೇಕು. ಜಾರದಿದ್ದರೆ ಬೂಸ್ಟರು ಕೆಟ್ಟಿದೆ. ಇವೆಲ್ಲ ಕಣ್ಣಿನ, ಕಾಲಿನ ಕೆಲಸ, ಯಾರಾದರೂ ಮಾಡಬಹುದು.

ಪ್ಯಾಡು ಬದಲಿಸುವುದು, ಕೊಳವೆಯ ಗಾಳಿ ತೆಗೆಯುವುದು ಇವನ್ನು ಬಲ್ಲವರ ಪಕ್ಕದಲ್ಲಿ ನಿಂತು ಕಲಿಯದೆ ಒಬ್ಬರೇ ಕೈಹಾಕಬಾರದು. ಗಾಳಿ ತೆಗೆಯಲು ಇಬ್ಬರು ಬೇಕು: ಒಬ್ಬರು ಪೆಡಲ್ ತುಳಿದು ಹಿಡಿದಿರುವಾಗ ಇನ್ನೊಬ್ಬರು ಚಕ್ರದ ನಿಪ್ಪಲನ್ನು ಸಡಿಲಿಸಿ, ಕಾಲು ಎತ್ತುವ ಮೊದಲೇ ಬಿಗಿಯಬೇಕು. ತಡವಾದರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ನಾನು ಆ ಮಿಸ್ತ್ರಿಯ ಕೈಕೆಳಗೆ ಎರಡು ರಜೆಗಳ ಕಾಲ ಪೆಡಲ್ ತುಳಿದ ಮೇಲೆಯೇ ಅವರು ನನ್ನ ಕೈಗೆ ಪಾನಾ ಕೊಟ್ಟರು. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಯಾರೂ ನುಸುಳಕೂಡದು. ನಮ್ಮ ಎರೆಮಣ್ಣು ಹಸಿಯಾದಾಗ ಜಾಕನ್ನೇ ನುಂಗುತ್ತದೆ. ಗಟ್ಟಿ ನೆಲವನ್ನು ಹುಡುಕಿ, ಅಡಿಗೆ ಹಲಗೆ ಹಾಕಿ, ಉಳಿದ ಚಕ್ರಗಳಿಗೆ ಕಲ್ಲು ಕೊಡಬೇಕು. ಹಳೆಯ ಪ್ಯಾಡಿನ ಧೂಳನ್ನು ಬಾಯಿಂದ ಊದಬಾರದು. ಅದರಲ್ಲಿ ಶ್ವಾಸಕೋಶಕ್ಕೆ ಕೇಡಾದ ಕಲ್ನಾರು ಇರುವ ಸಂಭವವುಂಟು. ಹೊಸ ಪ್ಯಾಡು ಕೂಡಿಸಿದ ಮೇಲೆ ಪೆಡಲ್ ಗಟ್ಟಿಯಾಗುವವರೆಗೆ ತುಳಿಯದೆ ಗಾಡಿಯನ್ನು ಅಲುಗಿಸಬಾರದು. ಸುಸ್ಥಿತಿಯಲ್ಲಿಲ್ಲದ ಗಾಡಿಯನ್ನು ರಸ್ತೆಗೆ ತರುವುದು ೧೯೮೮ರ ಮೋಟಾರು ವಾಹನ ಕಾಯಿದೆಯ ೧೯೦ನೆಯ ಕಲಮಿನ ಪ್ರಕಾರ ಅಪರಾಧವೂ ಹೌದು.

ಉಪಸಂಹಾರ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪದವಿ ಬಂದ ಮೇಲೆ ಕೈಗೆ ಮಸಿ ಹತ್ತಬಾರದೆಂಬುದು ಹಿರಿಯರ ಆಸೆ. ಆ ಆಸೆಯ ಹಿಂದಿರುವ ಅವರ ದುಡಿತವನ್ನು ನಾನು ಬಲ್ಲೆ. ಆದರೂ ಒಂದು ಮಾತನ್ನು ವಿನಯದಿಂದ ಹೇಳಬಯಸುತ್ತೇನೆ. ಪಾಸ್ಕಲನ ನಿಯಮವನ್ನು ಬರೆದು ಅಂಕ ಪಡೆದವರಲ್ಲಿ ಎಷ್ಟೋ ಮಂದಿ ಅದನ್ನು ಪೆಡಲಿನ ಕೆಳಗೆ ಕಂಡಿಲ್ಲ. ಪೆಡಲಿನ ಕೆಳಗೆ ಅದನ್ನು ದಿನವೂ ಕಾಣುವ ಮಿಸ್ತ್ರಿಗೆ ಪಾಸ್ಕಲನ ಹೆಸರು ಗೊತ್ತಿಲ್ಲ. ಈ ಇಬ್ಬರೂ ಒಂದೇ ಅಂಗಳದಲ್ಲಿ ಕೂತು ಮಾತಾಡಿದರೆ ಇಬ್ಬರಿಗೂ ಲಾಭ. ಓದಿದವನು ಕಾರಣವನ್ನು ಕೇಳಲಿ, ಕೈಬಲ್ಲವನು ಕ್ರಮವನ್ನು ಕಲಿಸಲಿ.

ದೀಪ, ಫ್ಯೂಜು, ಬ್ಯಾಟರಿಗಳನ್ನು ನಾವೇ ನೋಡಿಕೊಳ್ಳೋಣ. ಬ್ರೇಕನ್ನು ನಾವೇ ಪರೀಕ್ಷಿಸಿ, ಸಂಶಯ ಬಂದೊಡನೆ ಗಾಡಿಯನ್ನು ನಿಲ್ಲಿಸಿ ಬಲ್ಲವರನ್ನು ಕರೆಯೋಣ. ನಡುರಾತ್ರಿ ಬಾಗಿಲು ತಟ್ಟಿದವರ ಪ್ರಾಣ ನಮ್ಮ ಗಾಡಿಯ ನಾಲ್ಕು ಚಕ್ರಗಳ ಮೇಲಿರುತ್ತದೆ.