ಸಂಖ್ಯಾತ, ಅಸಂಖ್ಯಾತ ಮತ್ತು ಅನಂತ

ಭಾದ್ರಪದ ಶುಕ್ಲ ಚತುರ್ದಶಿಯಂದು ಅನಂತನ ನೋಂಪಿಯನ್ನು ಹಿಡಿದ ಶ್ರಾವಕ ಶ್ರಾವಿಕೆಯರು ಹದಿನಾಲ್ಕು ವರ್ಷಗಳ ಕಾಲ ಅದನ್ನು ನಡೆಸಿ ಉದ್ಯಾಪನೆ ಮಾಡುವರು. ನೋಂಪಿಯ ಕಥೆಗಳಲ್ಲಿ ‘ಇಂತಿಷ್ಟು ಪಲ್ಯ’, ‘ಇಂತಿಷ್ಟು ಸಾಗರ’ ಸ್ವರ್ಗಸುಖವನ್ನು ಅನುಭವಿಸಿದರೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೇಳುವವರು ಇವನ್ನೆಲ್ಲ ‘ಬಹಳ ದೀರ್ಘ ಕಾಲ’ ಎಂಬ ಒಂದೇ ಅರ್ಥದಲ್ಲಿ ಗ್ರಹಿಸಿ, ಸಾಗರವನ್ನೂ ಅನಂತವನ್ನೂ ಒಂದೇ ತೂಕದಲ್ಲಿ ತೂಗುವುದುಂಟು. ಆದರೆ ಆಗಮದಲ್ಲಿ ಪಲ್ಯವೂ ಸಾಗರವೂ ಅಳತೆಗಳು. ಅಳತೆಗೆ ಸಿಕ್ಕುವುದು ಎಷ್ಟೇ ದೊಡ್ಡದಾದರೂ ಅನಂತವಾಗಲಾರದು. ಇವುಗಳ ನಡುವಣ ಗೆರೆ ಎಲ್ಲಿದೆಯೆಂಬುದೇ ಈ ಪಾಠದ ವಿಷಯ.

ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ಗುರುಗಳಾಗಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ತ್ರಿಲೋಕಸಾರ’ದಲ್ಲಿ ಗಣನೆಯನ್ನು ಇಪ್ಪತ್ತೊಂದು ಬಗೆಯಾಗಿ ವಿಂಗಡಿಸಿದ್ದಾರೆ. ಸಂಖ್ಯಾತ ಒಂದು, ಅಸಂಖ್ಯಾತದಲ್ಲಿ ಪರೀತ, ಯುಕ್ತ, ಅಸಂಖ್ಯಾತಾಸಂಖ್ಯಾತವೆಂದು ಮೂರು, ಅನಂತದಲ್ಲಿಯೂ ಪರೀತ, ಯುಕ್ತ, ಅನಂತಾನಂತವೆಂದು ಮೂರು. ಈ ಏಳಕ್ಕೂ ಜಘನ್ಯ, ಮಧ್ಯಮ, ಉತ್ಕೃಷ್ಟ ಭೇದಗಳಿವೆ. ಜಘನ್ಯ ಸಂಖ್ಯಾತವು ಒಂದಲ್ಲ, ಎರಡು. ಒಂದರಿಂದ ಗುಣಿಸಿದರೆ ಯಾವ ರಾಶಿಯೂ ಬೆಳೆಯದಾದ್ದರಿಂದ ಗಣನೆಯು ಎರಡರಿಂದ ಮೊದಲಾಗುತ್ತದೆ.

ಸಂಖ್ಯಾತವೆಂದರೆ ಚಿಕ್ಕದೆಂದು ಎಣಿಸಬಾರದು. ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ನಾಲ್ಕು ಸ್ಥಾನಗಳಿಗೆ ಹೆಸರಿಟ್ಟರು. ವ್ಯವಹಾರಪಲ್ಯದ ಲೆಕ್ಕವು ಅದನ್ನೂ ಮೀರಿ ನಡೆಯುತ್ತದೆ. ಒಂದು ಯೋಜನ ವ್ಯಾಸ, ಒಂದು ಯೋಜನ ಆಳದ ಕುಂಡವೊಂದನ್ನು ಕಲ್ಪಿಸಿಕೊಳ್ಳಿರಿ. ಉತ್ತಮ ಭೋಗಭೂಮಿಯಲ್ಲಿ ಹುಟ್ಟಿ ಏಳು ದಿನ ಮೀರದ ಕುರಿಮರಿಯ ರೋಮವನ್ನು, ಮತ್ತೆ ಕತ್ತರಿಸಲಾಗದಷ್ಟು ಸಣ್ಣಗೆ ಕತ್ತರಿಸಿ, ಅದರಲ್ಲಿ ಒತ್ತಿ ತುಂಬಬೇಕು. ಆ ರೋಮಖಂಡಗಳ ಸಂಖ್ಯೆಯನ್ನು ಆಚಾರ್ಯರು ಅಂದಾಜಿನಲ್ಲಿ ಬಿಟ್ಟಿಲ್ಲ: 413452630308203177749512192 ಎಂದು ಬರೆದು ಮುಂದೆ ಹದಿನೆಂಟು ಸೊನ್ನೆಗಳನ್ನಿಡಬೇಕು. ಒಟ್ಟು 45 ಅಂಕೆಗಳು. ನೂರು ವರ್ಷಕ್ಕೊಂದರಂತೆ ರೋಮವನ್ನು ತೆಗೆಯುತ್ತ ಹೋಗಿ ಕುಂಡ ಬರಿದಾಗುವ ಕಾಲವೇ ವ್ಯವಹಾರಪಲ್ಯ. ವರ್ಷಗಳ ಎಣಿಕೆ 47 ಅಂಕೆಗಳಾಯಿತು. ಇಂದಿನ ಖಗೋಳ ವಿಜ್ಞಾನಿಗಳು ವಿಶ್ವಕ್ಕೆ ಹೇಳುವ ಸುಮಾರು 1380 ಕೋಟಿ ವರ್ಷಗಳ ವಯಸ್ಸು 11 ಅಂಕೆಗಳದ್ದು. ಇಷ್ಟಾದರೂ ಇದು ಸಂಖ್ಯಾತವೇ ಸರಿ. ಯೋಜನ, ಅಂಗುಲ, ರೋಮಗಳ ಕೋಷ್ಟಕ ತಿಳಿದ ಪ್ರೌಢಶಾಲೆಯ ವಿದ್ಯಾರ್ಥಿಯು ತಾಳ್ಮೆಯಿದ್ದರೆ ಗುಣಿಸಿ ನೋಡಬಹುದು. ವೃತ್ತಕ್ಕೆ ಇಲ್ಲಿ ಹತ್ತೊಂಬತ್ತರ ಆರನೆಯ ಒಂದು ಭಾಗವನ್ನು ಹಿಡಿದಿದೆಯೆಂಬುದನ್ನು ಮಾತ್ರ ಮರೆಯಬಾರದು.

ಸಂಖ್ಯಾತದ ಕೊನೆಯನ್ನು ಮುಟ್ಟಲು ಸಾಸಿವೆಯ ಲೆಕ್ಕವಿದೆ. ಜಂಬೂದ್ವೀಪದಷ್ಟು, ಎಂದರೆ ಲಕ್ಷ ಯೋಜನ ವ್ಯಾಸವೂ ಸಾವಿರ ಯೋಜನ ಆಳವೂ ಉಳ್ಳ ನಾಲ್ಕು ಕುಂಡಗಳು: ಅನವಸ್ಥಾ, ಶಲಾಕಾ, ಪ್ರತಿಶಲಾಕಾ, ಮಹಾಶಲಾಕಾ. ಅನವಸ್ಥಾಕುಂಡದಲ್ಲಿ ಸಾಸಿವೆಯನ್ನು ರಾಶಿಯೇಳುವಂತೆ ತುಂಬಿದರೆ 46 ಅಂಕೆಗಳಷ್ಟು ಕಾಳುಗಳಾಗುತ್ತವೆ. ಅವನ್ನು ದ್ವೀಪಕ್ಕೊಂದು, ಸಮುದ್ರಕ್ಕೊಂದು ಹಾಕುತ್ತ ಸಾಗಬೇಕು. ದ್ವೀಪಸಮುದ್ರಗಳ ಅಗಲ ಒಂದಕ್ಕಿಂತ ಒಂದು ಇಮ್ಮಡಿ. ಕೊನೆಯ ಕಾಳು ಬಿದ್ದ ಸ್ಥಳದಷ್ಟು ವ್ಯಾಸದ ಹೊಸ ಅನವಸ್ಥಾಕುಂಡವನ್ನು ಮಾಡಿ ತುಂಬಬೇಕು. ಒಮ್ಮೆ ಬರಿದಾದುದರ ಗುರುತಾಗಿ ಶಲಾಕಾಕುಂಡಕ್ಕೆ ಒಂದು ಕಾಳು. ಈ ಎರಡನೆಯ ಕುಂಡದ ವ್ಯಾಸವನ್ನು ಬರೆಯಲು ಎಷ್ಟು ಅಂಕೆಗಳು ಬೇಕೆಂಬ ಸಂಖ್ಯೆಯೇ 45 ಅಂಕೆಗಳದ್ದಾಗುತ್ತದೆ! ಹೀಗೆ ಶಲಾಕಾ ತುಂಬಿದಾಗಲೆಲ್ಲ ಪ್ರತಿಶಲಾಕೆಗೆ ಒಂದು, ಅದು ತುಂಬಿದಾಗಲೆಲ್ಲ ಮಹಾಶಲಾಕೆಗೆ ಒಂದು. ಎಲ್ಲವೂ ತುಂಬಿದಾಗ ಕೊನೆಯ ಅನವಸ್ಥಾಕುಂಡದಲ್ಲಿರುವ ಕಾಳುಗಳ ಸಂಖ್ಯೆ ಜಘನ್ಯ ಪರೀತಾಸಂಖ್ಯಾತ. ಅದರಲ್ಲಿ ಒಂದನ್ನು ಕಳೆದರೆ ಉತ್ಕೃಷ್ಟ ಸಂಖ್ಯಾತ. ಒಂದೇ ಒಂದು ಸಾಸಿವೆ ಕಾಳಿನಿಂದ ಹೆಸರು ಬದಲಾಯಿತು!

ಮುಂದಿನ ಮೆಟ್ಟಿಲುಗಳಲ್ಲಿ ರಾಶಿಯನ್ನು ಅದರಿಂದಲೇ, ಅದು ಎಷ್ಟಿದೆಯೋ ಅಷ್ಟು ಬಾರಿ ಗುಣಿಸುವ ವಿಧಾನವಿದೆ. ಕನ್ನಡದಲ್ಲಿ ಓದಬಯಸುವವರಿಗೆ, ನೇಮಿಚಂದ್ರರದೇ ಆದ ‘ಗೊಮ್ಮಟಸಾರ’ಕ್ಕೆ ಕೇಶವವರ್ಣಿಗಳು 1359ರಲ್ಲಿ ಬರೆದ ವೃತ್ತಿಯುಂಟು.

ಈಗ ಅನಂತದ ಮಾತು. ಕರೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಉಗ್ರಾಣದ ಲೆಕ್ಕ ನೋಡುವ ತರುಣರೊಬ್ಬರು ದಾವಣಗೆರೆಯ ನಮ್ಮ ಸ್ವಾಧ್ಯಾಯದಲ್ಲಿ ಹೀಗೆ ಕೇಳಿದರು: “ಮೇಷ್ಟ್ರೇ, ಆರು ತಿಂಗಳು ಎಂಟು ಸಮಯಗಳಲ್ಲಿ 608 ಜೀವರು ಮೋಕ್ಷಕ್ಕೆ ಹೋಗುತ್ತಾರೆ ಅಂತೀರಿ. ಹೊಸ ಜೀವ ಹುಟ್ಟೋದಿಲ್ಲ ಅಂತಲೂ ಅಂತೀರಿ. ಬರೀ ಖರ್ಚೇ ಇದ್ದು ಜಮಾ ಇಲ್ಲದ ಉಗ್ರಾಣ ಒಂದು ದಿನ ಖಾಲಿ ಆಗಲೇಬೇಕಲ್ಲ?” ಪ್ರಶ್ನೆ ಹಗುರವಾದುದಲ್ಲ. ಸಂಸಾರ ಬರಿದಾಗುವುದಾದರೆ, ಕಳೆದುಹೋದ ಅನಾದಿ ಕಾಲದಲ್ಲಿ ಅದು ಎಂದೋ ಬರಿದಾಗಿರಬೇಕಿತ್ತು.

ಒಂಬತ್ತನೆಯ ಶತಮಾನದ ವೀರಸೇನಾಚಾರ್ಯರು ‘ಧವಲಾ’ ಟೀಕೆಯಲ್ಲಿ ಇದೇ ಆಯವ್ಯಯದ ಭಾಷೆಯಲ್ಲಿ ಉತ್ತರವಿತ್ತಿದ್ದಾರೆ. ಆಯವಿಲ್ಲದೆ ವ್ಯಯವೇ ನಡೆಯುತ್ತಿದ್ದರೂ ಮುಗಿಯದ ರಾಶಿ ಅನಂತ; ಮುಗಿಯುವುದಾದರೆ ಅದು ಸಂಖ್ಯಾತ ಇಲ್ಲವೆ ಅಸಂಖ್ಯಾತ. ಅರ್ಧಪುದ್ಗಲಪರಿವರ್ತನ ಕಾಲವನ್ನು ಅನಂತವೆಂದು ಹೇಳುವುದುಂಟಲ್ಲ ಎಂಬ ಶಂಕೆಗೆ, ಅದು ಉಪಚಾರದ ಮಾತು, ಆ ಕಾಲಕ್ಕೆ ಕೊನೆಯಿದೆ ಎನ್ನುತ್ತಾರೆ. ಇಲ್ಲಿ ಅನಂತವನ್ನು ಗುರುತಿಸುವುದು ಗಾತ್ರದಿಂದಲ್ಲ, ಸ್ವಭಾವದಿಂದ. ಒಂದು ನಿಗೋದಶರೀರದಲ್ಲಿಯೇ ಈವರೆಗಿನ ಸಮಸ್ತ ಸಿದ್ಧರಿಗಿಂತ ಅನಂತಗುಣ ಜೀವರಿದ್ದಾರೆಂಬ ಗೊಮ್ಮಟಸಾರದ ಮಾತನ್ನು ಇದರೊಡನೆ ಓದಿಕೊಳ್ಳಬೇಕು. ತಾಡವಾಲೆಗಳಲ್ಲಿ ಹಳಗನ್ನಡ ಲಿಪಿಯಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದ ಈ ಗ್ರಂಥವು 1939ರಿಂದ 1958ರವರೆಗೆ ಹದಿನಾರು ಸಂಪುಟಗಳಾಗಿ ಅಚ್ಚಾಯಿತು.

ಜರ್ಮನಿಯ ಗಣಿತಜ್ಞ ಕ್ಯಾಂಟರನು 1874ರಲ್ಲಿ ಅನಂತರಾಶಿಗಳಲ್ಲಿಯೂ ಹಿರಿದು ಕಿರಿದೆಂಬುದುಂಟೆಂದು ಸಾಧಿಸಿದನು. ಎಣಿಕೆಯ ಅಂಕಿಗಳಿಂದ ಬೆಸಸಂಖ್ಯೆಗಳನ್ನೆಲ್ಲ ತೆಗೆದುಹಾಕಿದರೂ, ಉಳಿದ ಸಮಸಂಖ್ಯೆಗಳು ಮೊದಲಿನ ರಾಶಿಯೊಡನೆ ಒಂದಕ್ಕೊಂದು ಸರಿಹೊಂದುತ್ತವೆ. ಇದು ವೀರಸೇನರ ಲಕ್ಷಣಕ್ಕೆ ಬಹು ಸಮೀಪವಾದ ಮಾತು. ಹಾಗೆಂದು, ಕ್ಯಾಂಟರನು ಹೇಳಿದ್ದೆಲ್ಲ ನಮ್ಮಲ್ಲಿ ಮೊದಲೇ ಇತ್ತೆಂದು ಸಾರುವುದು ಸಲ್ಲದು. ಜಘನ್ಯ ಪರೀತಾನಂತಕ್ಕೆ ಗುಣಾಕಾರಗಳಿಂದ ಮೆಟ್ಟಿಲೇರಿ ಹೋಗುವುದರಿಂದ, ಇಂದಿನ ಗಣಿತದ ದೃಷ್ಟಿಯಲ್ಲಿ ಅದು ಇನ್ನೂ ಪರಿಮಿತ ಸಂಖ್ಯೆಯೇ. ಆ ಮೆಟ್ಟಿಲಿಗೂ ಮುಗಿಯದ ರಾಶಿಗೂ ನಡುವೆ ಇರುವ ಅಂತರವನ್ನು ವೀರಸೇನರು ಕಂಡಿದ್ದರೆಂಬುದೇ ನನಗೆ ಹೆಚ್ಚಿನ ಸಂಗತಿಯಾಗಿ ತೋರುತ್ತದೆ.

ನೋಂಪಿಯ ಕಥೆಗಳ ಸಾಗರವು ಅದ್ಧಾಸಾಗರ. ವ್ಯವಹಾರಪಲ್ಯದ ರೋಮಗಳನ್ನು ಮತ್ತೆ ಮತ್ತೆ ಅಸಂಖ್ಯಾತ ಭಾಗ ಮಾಡಿ ಪಡೆಯುವ ಅದ್ಧಾಪಲ್ಯಗಳು ಹತ್ತು ಕೋಡಾಕೋಡಿಯಾದರೆ ಒಂದು ಸಾಗರ. ಅಚ್ಯುತ ಕಲ್ಪದಲ್ಲಿ ಉತ್ಕೃಷ್ಟ ಆಯುಸ್ಸು 22 ಸಾಗರ, ಸರ್ವಾರ್ಥಸಿದ್ಧಿಯಲ್ಲಿ 33. ಇವೆಲ್ಲವೂ ಅಸಂಖ್ಯಾತದ ಎಲ್ಲೆಯೊಳಗೇ ಇವೆ. ಎಲ್ಲಕ್ಕೂ ಕೊನೆಯ ಸಮಯವೊಂದಿದೆ. ಸಾಗರಕ್ಕೆ ಸಾವಿರ ವರ್ಷದಂತೆ ಸರ್ವಾರ್ಥಸಿದ್ಧಿಯ ದೇವನಿಗೆ 33,000 ವರ್ಷಕ್ಕೊಮ್ಮೆ ಮಾನಸಾಹಾರ. ಆದರೂ ಆ ಅವಧಿ ಉಪವಾಸವೆನಿಸದು. ದೇವಗತಿಯಲ್ಲಿ ನಾಲ್ಕನೆಯ ಗುಣಸ್ಥಾನದಿಂದ ಮೇಲೇರುವಂತಿಲ್ಲವಾದ್ದರಿಂದ ಅವನಿಗೆ ಅಣುವ್ರತವೂ ಇಲ್ಲ. ಆಯುಸ್ಸು ತೀರಿದ ಮೇಲೆ ಅವನು ಮನುಷ್ಯನಾಗಿಯೇ ಹುಟ್ಟಿ ವ್ರತವನ್ನು ಹಿಡಿಯಬೇಕು.