ಅಡಿಗೆಯೂ ಒಂದು ವಿದ್ಯೆ

ವಿದ್ಯೆಯೆಂದೊಡನೆ ನಮಗೆ ಪಾಟಿ, ಪುಸ್ತಕ, ಪರೀಕ್ಷೆಗಳು ನೆನಪಾಗುತ್ತವೆ. ಬೆಳಗಿನ ಜಾವದಲ್ಲೆದ್ದು ತಾಯಿಯು ಒಲೆಯ ಮುಂದೆ ಮಾಡುವ ಕಾರ್ಯವನ್ನು ಯಾರೂ ವಿದ್ಯೆಯೆಂದು ಕರೆಯುವುದಿಲ್ಲ. ಇದು ಸರಿಯೇ? ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ನಿತ್ಯವೂ ಆಗುವ ಮೂರು ಅಡಿಗೆಗಳನ್ನು ತೆಗೆದುಕೊಂಡು ವಿಚಾರ ಮಾಡೋಣ.

ಮೊದಲನೆಯದು ಇಡ್ಲಿ. ಅಕ್ಕಿಯನ್ನೂ ಉದ್ದನ್ನೂ ಬೇರೆಬೇರೆಯಾಗಿ ನೆನೆಯಿಸಿ, ರುಬ್ಬಿ, ಕಲಸಿ, ರಾತ್ರಿ ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಹಿಟ್ಟು ಪಾತ್ರೆಯ ಬಾಯಿಯವರೆಗೆ ಉಬ್ಬಿರುತ್ತದೆ. ಇದನ್ನು ಉಬ್ಬಿಸಿದವರು ಯಾರು? ಧಾನ್ಯದಲ್ಲಿ ಸಹಜವಾಗಿಯೇ ಇರುವ ಸೂಕ್ಷ್ಮಜೀವಿಗಳು. ಅವು ಹಿಟ್ಟಿನಲ್ಲಿರುವ ಸಕ್ಕರೆಯನ್ನುಂಡು ಹುಳಿಯನ್ನೂ ಇಂಗಾಲಾಮ್ಲ ವಾಯುವನ್ನೂ ಉಂಟುಮಾಡುತ್ತವೆ. ಉದ್ದಿನ ಲೋಳೆಯು ಆ ವಾಯುವನ್ನು ಹೊರಹೋಗಗೊಡದೆ ಹಿಡಿದಿಡುತ್ತದೆ. ಉದ್ದು ತೀರ ಕಡಿಮೆಯಾದರೆ ಇಡ್ಲಿ ಕಲ್ಲಾಗುವುದು ಇದರಿಂದಲೇ. ಈ ಜೀವಿಗಳಿಗೆ ಬೆಚ್ಚನೆಯ ಹವೆ ಬೇಕು. ಬೆಂಗಳೂರಿನ ಚಳಿಯಲ್ಲಿ ಹಿಟ್ಟಿನ ಪಾತ್ರೆಗೆ ಬಟ್ಟೆ ಸುತ್ತಿಡುವ ಗೃಹಿಣಿಯೇ ಮುಂಬಯಿಯ ಮೇ ತಿಂಗಳಲ್ಲಿ ತಡವಾಗಿ ರುಬ್ಬುತ್ತಾಳೆ. ಇಲ್ಲವಾದರೆ ಹಿಟ್ಟು ಅತಿಯಾಗಿ ಹುಳಿಯೇರುತ್ತದೆ. ಉಷ್ಣಮಾಪಕವಿಲ್ಲದೆಯೇ ಆಕೆ ಹವೆಯನ್ನು ಅಳೆಯಬಲ್ಲಳು.

ಎರಡನೆಯದು ಜೋಳದ ರೊಟ್ಟಿ. ಕಲಬುರಗಿ, ವಿಜಯಪುರಗಳ ಕಡೆಯಿಂದ ಬಂದು ಈ ನಗರದ ಕಟ್ಟಡಗಳ ಕೆಲಸದಲ್ಲಿ ದುಡಿಯುವ ತಾಯಂದಿರು ಹೊತ್ತು ಹುಟ್ಟುವ ಮೊದಲೇ ರೊಟ್ಟಿ ಬಡಿದು ಬುತ್ತಿ ಕಟ್ಟುತ್ತಾರೆ. ಗೋದಿಯ ಹಿಟ್ಟನ್ನು ನೀರು ಹಾಕಿ ನಾದಿದರೆ ತಾನಾಗಿಯೇ ಅಂಟು ಬರುತ್ತದೆ. ಜೋಳದಲ್ಲಿ ಆ ಅಂಟಿಲ್ಲ. ತಣ್ಣೀರಿನಲ್ಲಿ ಕಲಸಿದರೆ ರೊಟ್ಟಿಯ ಅಂಚು ಬಿರಿಯುತ್ತದೆ. ಆದುದರಿಂದಲೇ ಕುದಿಯುವ ಎಸರನ್ನು ಹಿಟ್ಟಿಗೆ ಹೊಯ್ಯುತ್ತಾರೆ. ಆ ಬಿಸಿಗೆ ಹಿಟ್ಟಿನಲ್ಲಿರುವ ಪಿಷ್ಟವು ಅರಳಿ ಅಂಟಾಗುತ್ತದೆ. ರಸಾಯನಶಾಸ್ತ್ರದ ಪಾಠವನ್ನು ಕೇಳದವರು ಅದರ ಪ್ರಯೋಗವನ್ನು ದಿನವೂ ಮಾಡುತ್ತಿದ್ದಾರೆ.

ಮೂರನೆಯದು ಕರಾವಳಿಯವರ ಕುಚ್ಚಲಕ್ಕಿಯ ಗಂಜಿ. ಭತ್ತವನ್ನು ಬೇಯಿಸಿ, ಒಣಗಿಸಿ, ಅನಂತರ ಹೊಟ್ಟು ತೆಗೆದ ಅಕ್ಕಿಯೇ ಕುಚ್ಚಲಕ್ಕಿ. ಬೇಯುವಾಗ ಕಾಳಿನ ಹೊರಪದರದಲ್ಲಿರುವ ಬಿ1 ಜೀವಸತ್ವವು ಒಳಕ್ಕಿಳಿಯುತ್ತದೆ. ಹೀಗಾಗಿ ಮುಂದೆ ಮಿಲ್ಲಿನಲ್ಲಿ ಪಾಲಿಶ್ ಮಾಡಿದರೂ ಅದು ಪೂರ್ತಿ ನಷ್ಟವಾಗದು. ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯನ್ನೇ ಮುಖ್ಯವಾಗಿ ಉಂಡವರನ್ನು ಬೆರಿಬೆರಿ ರೋಗವು ಕಾಡುತ್ತಿತ್ತು. ಅಕ್ಕಿಗೂ ಆ ರೋಗಕ್ಕೂ ಇರುವ ಸಂಬಂಧವನ್ನು ಜಾವಾದ್ವೀಪದಲ್ಲಿ ಕೋಳಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದ ಐಕ್‌ಮನ್ ಎಂಬ ವೈದ್ಯನಿಗೆ 1929ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಕಾರಣವನ್ನರಿಯದಿದ್ದರೂ ನಮ್ಮ ಹಿರಿಯರು ಭತ್ತವನ್ನು ಕುದಿಸುತ್ತಲೇ ಬಂದಿದ್ದರು.

ಹಿಂದಿನ ಕನ್ನಡಿಗರು ಈ ವಿದ್ಯೆಯನ್ನು ಕೀಳಾಗಿ ಕಾಣಲಿಲ್ಲ. ಸುಮಾರು ಕ್ರಿ.ಶ. 1025ರಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅಂತರ್ಜಲವನ್ನು ಕಾಣುವ ಬಗೆ, ಗಿಡಮರಗಳ ಆರೈಕೆ ಮೊದಲಾದ ವಿಷಯಗಳ ಜೊತೆಯಲ್ಲಿಯೇ ಅಡಿಗೆಗೂ ಸ್ಥಾನವಿದೆ. ಅಲ್ಲಿಯ ಇಡ್ಲಿಗೆ ಅಕ್ಕಿಯಿಲ್ಲ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಸಿ, ಅರೆದು, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳನ್ನು ಬೆರೆಸಬೇಕು. 16ನೆಯ ಶತಮಾನದ ಆರಂಭದಲ್ಲಿ ಮಂಗರಸನು ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನು ಪದ್ಯದಲ್ಲಿ ಬರೆದನು.

ಅಡಿಗೆಯು ಹೆಂಗಸರಿಗೆ ಮಾತ್ರ ಸೇರಿದ್ದೆಂಬ ಮಾತಿಗೂ ಆಧಾರವಿಲ್ಲ. ಹಗಲು ಉಡುಪಿ ಹೋಟೆಲುಗಳಲ್ಲಿ ರುಬ್ಬಿ, ಬೇಯಿಸಿ, ತಟ್ಟೆ ತೊಳೆದು, ರಾತ್ರಿ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತ ಹುಡುಗರ ದೊಡ್ಡ ಪರಂಪರೆಯೇ ಈ ನಗರದಲ್ಲಿದೆ. ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ತೆರೆದ ಊಟದ ಮನೆಯನ್ನು ಅರಿಯದ ಮುಂಬಯಿ ಕನ್ನಡಿಗರು ವಿರಳ.

ಹೀಗಿದ್ದೂ ನಮ್ಮ ಮನೆಗಳಲ್ಲಿ ಏನು ನಡೆಯುತ್ತಿದೆ? ಮಗಳು ಲೆಕ್ಕದ ಪುಸ್ತಕವನ್ನು ಮುಚ್ಚಿಟ್ಟು ತಾಯಿಯ ಸಹಾಯಕ್ಕೆ ಏಳುತ್ತಾಳೆ; ಮಗನು ಕುಳಿತಲ್ಲಿಂದಲೇ ನೀರು ಕೇಳುತ್ತಾನೆ. ಪರೀಕ್ಷೆಯೇನೋ ಇಬ್ಬರಿಗೂ ಒಂದೇ. ಇನ್ನೊಂದೆಡೆ, ರುಬ್ಬಿದ ಹಿಟ್ಟು ಈಗ ಅಂಗಡಿಯಲ್ಲಿಯೇ ದೊರೆಯುತ್ತದೆ. ದಣಿದ ತಾಯಿ ಅದನ್ನು ಕೊಂಡರೆ ತಪ್ಪೇನೂ ಇಲ್ಲ. ಆದರೆ ಹಿಟ್ಟನ್ನು ಕೊಳ್ಳಬಹುದು, ಹದವನ್ನು ಕೊಳ್ಳಲಾಗದು. ಹದವು ಕೈಯಿಂದ ಕೈಗೆ ಬರುವಂಥದು. ಒಂದು ತಲೆಮಾರು ಕೈಯೊಡ್ಡದಿದ್ದರೆ ಅದು ಅಲ್ಲಿಗೇ ನಿಲ್ಲುತ್ತದೆ.

ಆದುದರಿಂದ ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಹುಡುಗರೂ ಹುಡುಗಿಯರೂ ತಮ್ಮ ಮನೆಯ ಒಂದೊಂದು ಅಡಿಗೆಯನ್ನು ಕೈಯಾರೆ ಮಾಡಿ ಕಲಿಯಿರಿ. ಬಳಿಕ ಅದನ್ನು ವಹಿಯಲ್ಲಿ ಬರೆಯಿರಿ. ತಾಯಿ ‘ಚಿಟಿಕೆ’ ಎಂದರೆ ಚಿಟಿಕೆ, ‘ಹಿಡಿ’ ಎಂದರೆ ಹಿಡಿ, ಅವರ ಮಾತಿನಲ್ಲಿಯೇ ಬರೆಯಿರಿ. ಏಕೆ ಹೀಗೆಂದು ಕೇಳಿರಿ. ಅವರಿಗೆ ತಿಳಿಯದಿದ್ದುದನ್ನು ನಮ್ಮನ್ನು ಕೇಳಿರಿ. ನಮಗೂ ತಿಳಿಯದಿದ್ದರೆ ಕೂಡಿ ಹುಡುಕೋಣ. ಅಷ್ಟು ದಿನವಾದರೂ ಮನೆಯಲ್ಲಿ ತಾಯಿಯೇ ಗುರುವಾಗಿರಲಿ.