ಬಂದಳಿಕೆಗೆ ಕ್ಯಾಮೆರಾ ಹೊತ್ತು ಹೊರಟವರಿಗೆ

ಕಾಲೇಜಿನ ಅಭ್ಯಾಸಕ್ಕೆಂದು ಶಿಕಾರಿಪುರ ಕಡೆಯ ಬಂದಳಿಕೆಯಲ್ಲಿ ಹಾಡೊಂದನ್ನು ಚಿತ್ರೀಕರಿಸಲು ಹೊರಟಿದ್ದೀರಿ, ಸಂತೋಷ. ಅನುಮತಿ ಪತ್ರ ಎಲ್ಲಿ? ಅಲ್ಲಿನ ಗುಡಿ, ಬಸದಿಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. 1959ರ ನಿಯಮಗಳಂತೆ ಚಿತ್ರೀಕರಣಕ್ಕೆ ಮೊದಲೇ ಒಪ್ಪಿಗೆ ಪಡೆಯಬೇಕು. ‘ನಮ್ಮದು ಬರೀ ಪ್ರಾಕ್ಟೀಸ್’ ಎಂದು ಕಾವಲಿನವರ ಹತ್ತಿರ ವಾದಕ್ಕಿಳಿಯಬೇಡಿ. ಪ್ರಾಂಶುಪಾಲರ ಪತ್ರ ಇಟ್ಟು ಅರ್ಜಿ ಕೊಡಿ. ಅನುಮತಿಯಿಲ್ಲದೆ ಡ್ರೋನ್ ಅಂತೂ ಬೇಡವೇ ಬೇಡ.

ಅಭ್ಯಾಸದ ವಿಡಿಯೊಗಳಿಗೆ ಅಂಟಿದ ದೊಡ್ಡ ರೋಗವೆಂದರೆ ತುಟಿ ಒಂದು ಕಡೆ, ಹಾಡು ಇನ್ನೊಂದು ಕಡೆ. ಸ್ಪೀಕರಿನಲ್ಲಿ ನುಡಿಸುವ ಹಾಡು, ಎಡಿಟಿಂಗ್‌ನಲ್ಲಿ ಕೂಡಿಸುವ ಹಾಡು ಎರಡೂ ಒಂದೇ ಫೈಲ್ ಆಗಿರಲಿ. ಬರೀ ತುಟಿ ಆಡಿಸಬೇಡಿ, ಬಾಯಿಬಿಟ್ಟು ಹಾಡಿ. ಕೊರಳು ದುಡಿದರೆ ತಾನೇ ನೋಡುವವರು ನಂಬುವುದು! ಕ್ಯಾಮೆರಾದ ಮೈಕ್ ಆಫ್ ಮಾಡಬೇಡಿ, ಆಮೇಲೆ ಹೊಂದಿಸಲು ಆ ಒರಟು ಧ್ವನಿಯೇ ಆಧಾರ. ಪ್ರತಿ ಟೇಕಿನ ಮೊದಲು ಕ್ಯಾಮೆರಾ ಎದುರು ಒಂದು ಚಪ್ಪಾಳೆ. ಇಡೀ ಹಾಡನ್ನು ದೂರದಿಂದೊಮ್ಮೆ, ಸೊಂಟದವರೆಗೊಮ್ಮೆ, ಮುಖವನ್ನಷ್ಟೇ ಒಮ್ಮೆ ತೆಗೆದಿಡಿ. ಸ್ಲೋ ಮೋಷನ್ ಬೇಕೇ? ಸೆಕೆಂಡಿಗೆ 50 ಫ್ರೇಮ್ ತೆಗೆದು 25ಕ್ಕೆ ಇಳಿಸುವುದಾದರೆ ಹಾಡನ್ನು ದುಪ್ಪಟ್ಟು ವೇಗದಲ್ಲಿ ನುಡಿಸಿ ಹಾಡಬೇಕು. ಅದನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಿ. ಬಾಯಾರಿದ ಮೇಲೆ ಬಾವಿ ತೋಡಬಾರದು.

ಮಂಟಪದ ನೆರಳಿನಿಂದ ಬಿಸಿಲಿಗೆ ನಡೆದು ಬರುವಾಗ ಕ್ಯಾಮೆರಾ ತಾನಾಗಿಯೇ ಬೆಳಕು ಬದಲಿಸಿ ಚಿತ್ರ ಕೆಡಿಸುತ್ತದೆ. ಎಕ್ಸ್‌ಪೋಶರ್ ಲಾಕ್ ಮಾಡಿ. ಮಾಡದೆ ಕ್ಯಾಮೆರಾವನ್ನು ದೂರಿದರೆ ಕುಣಿಯಲಾರದವಳು ನೆಲ ಡೊಂಕು ಎಂದಂತಾದೀತು. ಸೋಮೇಶ್ವರ ಗುಡಿಯ ಬಾಗಿಲ ಇಕ್ಕೆಲದ ಜಾಲಂಧ್ರಗಳಲ್ಲಿ ರಾಮಾಯಣ, ಮಹಾಭಾರತದ ಕಥೆ ಕೊರೆದಿದ್ದಾರೆ. ಓರೆಬಿಸಿಲಿನಲ್ಲಿ ಆ ಕೆತ್ತನೆ ಎದ್ದು ಕಾಣುತ್ತದೆ, ನಡುಮಧ್ಯಾಹ್ನ ಹೋಗಬೇಡಿ. ಕೆತ್ತನೆಗೆ ಒರಗುವುದು, ಅದರ ಮೇಲೆ ಕಾಲಿಡುವುದು, ಬಣ್ಣದ ಪುಡಿ ಎರಚುವುದು ಖಂಡಿತ ಕೂಡದು.

ಶಾಂತಿನಾಥ ಬಸದಿಯ ಬಳಿ ಸ್ಪೀಕರ್ ತಗ್ಗಿಸಿ, ಹಾಡುವವರಿಗೆ ಕೇಳಿಸಿದರೆ ಸಾಕು. ಅದು ಗದ್ದಲ ಮಾಡುವ ಜಾಗವಲ್ಲ. ರಾಷ್ಟ್ರಕೂಟರ ಕಾಲದಲ್ಲಿ, ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತು ಎಂಬ ನಾಡನ್ನು ಆಳಿದ ಜಕ್ಕಿಯಬ್ಬೆ ಕೊನೆಗೆ ಈ ಬಂದಳಿಕೆಯಲ್ಲೇ ಸಲ್ಲೇಖನ, ಅಂದರೆ ಉಪವಾಸವಿದ್ದು ದೇಹ ಬಿಡುವ ಜೈನ ವ್ರತ, ಕೈಗೊಂಡಳು. ಅಂಥ ಹೆಂಗಸಿನ ಊರಿಗೆ ಹೋಗಿ ಶಾಸನದ ಕಲ್ಲಿನ ಮೇಲೆ ಬ್ಯಾಗು ಇಡುತ್ತಾರೆಯೇ? ಅವಳ ಕಥೆಯನ್ನು ಓದಿಕೊಂಡು ಹೋಗಿ.

ಯೂಟ್ಯೂಬಿಗೆ ಹಾಕುವ ಆಸೆಯಿದ್ದರೆ ಸಿನಿಮಾ ಹಾಡಿನ ಹಕ್ಕುದಾರರನ್ನು ಮೊದಲೇ ಕೇಳಿ. ಇಲ್ಲವೇ ನಿಮ್ಮಲ್ಲೇ ಹಾಡುವವರಿಂದ ಸೊರಬ, ಶಿಕಾರಿಪುರ ಕಡೆಯ ಜನಪದ ಹಾಡನ್ನು ಹೇಳಿಸಿ ರೆಕಾರ್ಡ್ ಮಾಡಿ. ನನಗೆ ಅದೇ ಮೇಲೆನಿಸುತ್ತದೆ. ಮನೆ ಸೇರಿದೊಡನೆ ಕಾರ್ಡಿನಲ್ಲಿರುವುದನ್ನೆಲ್ಲ ಎರಡು ಕಡೆ ನಕಲು ಮಾಡಿ. ಊಟ ಆಮೇಲೆ.